ಓದಿಗೆಂದು ಕೊಂಡ ಕಂಪ್ಯೂಟರ್

ಕಂಪ್ಯೂಟರ್ ಅಂಗಡಿಯ ಸಾಲಿನಲ್ಲಿ ಕೀಬೋರ್ಡ್ ಹಿಡಿದು ನಿಂತಿದ್ದ ನರ್ಸಮ್ಮನಿಗೆ ಮುಂದಿದ್ದ ಅಪ್ಪ-ಮಗಳ ಪಿಸುಮಾತು ಕೇಳಿಸಿತು.

“ಗೇಮಿಂಗ್ ಕಂಪ್ಯೂಟರು ನನ್ನ ಓದಿಗೆ ಅಂತ ಅಮ್ಮನಿಗೆ ಯಾಕಪ್ಪ ಸುಳ್ಳು ಹೇಳಿದೆ?”

“ತಲೆ ನರೆತ ಮೇಲೆ ನನಗೆ ಆಟ ಬೇಕು ಅಂತ ಹೇಳ್ಲಾ?”

“ಯಾವ ಆಟ?”

ಅಪ್ಪ ತಲೆ ತಗ್ಗಿಸಿದ. “ಬಸ್ಸು ಓಡಿಸೋದು.”

ಮಗಳು ಅಪ್ಪನ ಮುಖ ನೋಡಿದಳು.

“ಕಣ್ಣು ಮಂಜು ಅಂತ ಡಿಪೋದವರು ಬಸ್ಸು ಬಿಡಿಸಿದ ಮೇಲೆ ಕೈ ಸುಮ್ನಿರಲ್ಲ ಕಣೇ. ಹೇಳ್ಕೊಳ್ಳೋಕೂ ನಾಚಿಕೆ.”

ಮಗಳು ಅಂಗಡಿಯವನತ್ತ ತಿರುಗಿದಳು. “ಮಿನುಗೋ ಲೈಟಿನ ಡಬ್ಬ ಬೇಡ, ಸಾದಾದು ಸಾಕು. ಉಳಿದ ದುಡ್ಡಿಗೆ ದೊಡ್ಡ ಸ್ಕ್ರೀನ್ ಕೊಡಿ. ರಸ್ತೆ ಚೆನ್ನಾಗಿ ಕಾಣ್ಬೇಕು.”

“ಗೇಮ್ ಆಡೋದು ನೀವಾ ಮೇಡಂ?”

“ಹೂಂ, ನಾನೇ.”

“ಅಲ್ಲ, ನಾನು,” ಎಂದ ಅಪ್ಪ, ಬಾಯೊಳಗೇ. ಆ ಮಾತು ನರ್ಸಮ್ಮನಿಗೆ ಮಾತ್ರ ಕೇಳಿಸಿತು. ಅಷ್ಟರಲ್ಲಿ ಸಾಲು ಮುಂದೆ ಸರಿಯಿತು.