ಎಡಗೈ ಮೇಲಿದ್ದ ಹೆಸರು

…ಅಯ್ಯೋ, ಅಲ್ಲಿ ಬ್ಯಾಡ, ಅದು ಅವ್ರು ಕೂರೋ ಜಾಗ. ಬುಗುರಿ ಮಾಡೋ ಮಿಷನ್ ಮುಂದುಗಡೆ ಇನ್ಯಾರನ್ನೂ ಕೂರ್ಸಲ್ಲ ನಾನು. ಈ ಕಡೆ ಬಾ, ಈ ಮಣೆ ತಗೊ. ಹಾಂ, ಅಲ್ಲೇ. ಹೇಳುದ್ನಲ್ಲ, ನಮ್ಮನೆಯವ್ರು ಇಲ್ಲ. ಬಿಸ್ಲು ಇಳೀತಿದ್ದಂಗೆ ಫೋನ್ ಜೇಬಿಗೆ ಹಾಕ್ಕೊಂಡು ಸ್ಟೇಷನ್ ಕಡೆ ಹೊಂಟುಬುಡ್ತರೆ. ನಡೀಬೇಕು ಅಂದವ್ರಲ್ಲ ಡಾಕ್ಟ್ರು. ಪ್ಲಾಟ್‌ಫಾರಂ ಆ ತುದಿಯಿಂದ ಈ ತುದಿಗೆ ಓಡಾಡಿ, ಬೇವಿನ ಮರದ ಕೆಳಗೆ ಬೆಂಚಿನ ಮೇಲೆ ಒಸಿ ಕುಂತು, ಮೈಸೂರು ರೈಲು ಹೋದ್ಮೇಲೆ ಬತ್ತರೆ. ಚನ್ನಪಟ್ಣದಲ್ಲಿ ಈ ಬೀದಿಯವ್ರಿಗೆಲ್ಲ ಗೊತ್ತು. ನಿಂಗೆ ಗೊತ್ತಿರಲ್ಲ ಬುಡು. ಅಕ್ಕೂರಿಂದ ಬಸ್ ಹತ್ಕೊಂಡು ಬಂದಿದೀಯ, ಕಾಯಿ ಒಸಿ.

ಡಬ್ಬೀಲೇನು? ಅಂಬ್ಲಿಯಾ? ಮಡಗು ಅಲ್ಲಿ. ಅವ್ರೀಗ ಅಂಬ್ಲಿ ಕುಡಿಯಲ್ಲ. ಕುಡೀತಿದ್ರು, ಮೂಗಿನ ಪೈಪು ತೆಗೆದ ಹೊಸದ್ರಲ್ಲಿ. ಈಗ ಮುದ್ದೆನೇ ನುಂಗ್ತರೆ. ಹೂಂ, ಮುದ್ದೆ. ಯಾಕಂಗೆ ಹುಬ್ಬು ಏರುಸ್ತೀಯ? ಕ್ಯಾನ್ಸರ್ ಅಂತ ಅರ್ಧ ನಾಲ್ಗೆ ಕುಯ್ದು ತೆಗೆದವ್ರು ಮುದ್ದೆ ನುಂಗೋದಂದ್ರೆ ಸುಮ್ನೆ ಅಲ್ಲ ಕಣವ್ವ. ನಾನು ಗೋಲಿಯಷ್ಟು ತುತ್ತು ಮಾಡಿ, ಸಾರಲ್ಲಿ ಅದ್ದಿ ಅದ್ದಿ, ಬಲಗಡೆ ದವಡೆಗಿಟ್ಟು, ಹಾಂ, ಈಗ ತಲೆ ವಾಲ್ಸಿ, ಈಗ ನುಂಗಿ ಅಂತ... ಮೊದಲ್ನೇ ದಿನ ಎಲ್ಲಾ ಮೂಗಲ್ಲಿ ಬಂದ್ಬುಡ್ತು. ಇಬ್ರೂ ಊಟ ಬುಟ್ಟು ಎದ್ದೋ. ಮಾರನೇ ದಿನ ಮತ್ತೆ ಕುಂತೋ.

ಅದೆಲ್ಲ ಮಾಡಿದ್ದು ನಾನು. ನೆನಪಿರ್ಲಿ ಅಂತ ಹೇಳ್ದೆ, ಅಷ್ಟೆ.

ಮಾತಾಡ್ತರೋ ಇಲ್ವೋ ಅಂತ ತಾನೆ ಯೋಚ್ನೆ ಮಾಡ್ತಿರೋದು? ಮುಖ ನೋಡುದ್ರೆ ಗೊತ್ತಾಯ್ತದೆ. ಮಾತಾಡ್ತರೆ, ಯಾಕಾಡಲ್ಲ. ಬೆಂಗ್ಳೂರು ಆಸ್ಪತ್ರೇಲಿ ಮೇಘನಾ ಅಂತ ಒಂದು ಹುಡುಗಿ ಅವಳೆ, ಮಾತು ಕಲ್ಸೋಳು. ಅವಳು ಹೇಳವಳೆ, ದಿನಾ ಮಾತಾಡ್ಬೇಕು, ತೊದುಲುದ್ರೂ ಸರಿ, ಬರೀ ಸದ್ದು ಬಂದ್ರೂ ಸರಿ. ಸುಮ್ಕಿದ್ರೆ ಹೊಸ ನಾಲ್ಗೆ ಹಂಗೇ ಗಟ್ಟಿಯಾಗಿ ಕುಂತುಬುಡ್ತದೆ, ಆಮೇಲೆ ಏನು ಮಾಡುದ್ರೂ ತಿರುಗಲ್ಲ ಅಂತ. ಅದ್ಕೇ ನನ್ ಕೂಡೆ ಮಾತಾಡ್ತಾನೇ ಇರ್ತರೆ. ಮೊದಲ್ನೇ ಮಾತು ಏನು ಗೊತ್ತಾ? ನನ್ನೆಸ್ರು. 'ರೇವಾ' ಅಂದ್ರು. ಇದೇ ಬಾಗ್ಲಲ್ಲಿ ನಿಂತ್ಕೊಂಡು, ನೆಟ್ಟಗೆ. ನೀನು ಕೇಳ್ಬೇಕಾಗಿತ್ತು.

ಯಾಕೆ ತಲೆ ಬಗ್ಗುಸ್ದೆ? ಬೇಜಾರಾಯ್ತಾ? ಆಗ್ಲಿ ಬುಡು. ನಾನು ಬೇಜಾರು ಪಟ್ಟಿದ್ದನ್ನ ಯಾರು ಕೇಳುದ್ರು.

ಬಂದಿದ್ದೂ ಬಂದಿದೀಯ, ಒಂದು ವಿಷ್ಯ ಹೇಳ್ತೀನಿ ಕೇಳು. ಅವ್ರ ತೋಳ ಮೇಲೆ ಹಚ್ಚೆ ಇತ್ತಲ್ಲ... ಯಾವ ಹಚ್ಚೆ ಅನ್ನೋ ಹಂಗೆ ನೋಡ್ಬ್ಯಾಡ. ಅವ್ರ ಮೈಮೇಲೆ ಇದ್ದಿದ್ದು ಒಂದೇ. ಬೈರಾಪಟ್ಣದ ಹುಡುಗ ಮೀಸೆ ಮೂಡೋ ವಯಸ್ಸಲ್ಲಿ ಬಸ್‌ಸ್ಟ್ಯಾಂಡಲ್ಲಿ ಹಚ್ಚೆ ಮಿಷನ್ನೋನ ಮುಂದೆ ಕೈ ಚಾಚಿ ಅತ್ತೆ ಮಗಳ ಹೆಸ್ರು ಹಾಕುಸ್ಕೊಂಡ. ಅತ್ತೆ ಮಗಳನ್ನ ಅವಳಪ್ಪ ಅಕ್ಕೂರಿಗೆ, ರೇಷ್ಮೆ ಹುಳ ಸಾಕೋ ಮನೆಗೆ ಕೊಟ್ಬುಟ್ಟ. ನೀನು ಹೋದೆ, ನಿನ್ನೆಸ್ರು ಹೋಗ್ಲಿಲ್ಲ. ತಾಳಿ ಕಟ್ಟಕ್ಕೆ ಅವ್ರು ಕೈ ಎತ್ತುದ್ರಲ್ಲ, ನನ್ ಕಣ್ಮುಂದೆ ಮೊದ್ಲು ಬಂದಿದ್ದು ಅವ್ರ ಮುಖ ಅಲ್ಲ, ಆ ಹಸ್ರು ಅಕ್ಷರ. ಓದ್ಕೊಂಡೆ. ಸುತ್ತ ಎಲ್ರೂ ಅಕ್ಕಿ ಹಾಕ್ತಾವ್ರೆ, ನಾನು ಓದ್ತಾ ಕುಂತಿದೀನಿ.

ಅವತ್ತಿಂದ ಈ ಮನೇಲಿ ನಾನು ನಿನ್ನೆಸ್ರು ಎತ್ತಿಲ್ಲ. 'ಅಕ್ಕೂರೋಳು' ಅಂತೀನಿ. ಬೇಸ್ಗೇಲೂ ಅವ್ರಿಗೆ ತುಂಬುತೋಳಿನ ಅಂಗಿನೇ ಹೊಲುಸ್ತಿದ್ದೆ. ಕೆಲ್ಸಕ್ಕೆ ಕುಂತಾಗ ಮಾತ್ರ ತೋಳು ಮಡಿಸ್ಬೇಕಲ್ಲ, ಮಿಷನ್ನು ಎಳ್ಕಂಬುಡ್ತದೆ. ಆಗೇನಾಯ್ತಿತ್ತು ಅಂದ್ರೆ, ಮರ ಕೆತ್ತಿದ ಹೊಟ್ಟೆಲ್ಲ ಹಾರಿ ಬೆವ್ರಿದ ತೋಳಿಗೆ ಮೆತ್ಕೊಂಡು, ನಿನ್ನೆಸ್ರು ಮುಚ್ಚೋಯ್ತಿತ್ತು. ಅದ್ಕೇ ಅವ್ರು ಬುಗುರಿ, ಗಿಲಕಿ ಮಾಡ್ತಾ ಇದ್ರೆ ಇಲ್ಲೇ ಬಂದು ಕುಂತ್ಕೊತಿದ್ದೆ. ನೋಡ್ತಾ ಇದ್ರೆ ಅಷ್ಟು ಚೆಂದ.

ಸರಿ. ಆಸ್ಪತ್ರೇಲಿ ಹೇಳುದ್ರು, ನಾಲ್ಗೆ ತೆಗೆದ ಜಾಗಕ್ಕೆ ತೋಳಿಂದ ತೆಗೆದು ಹೊಲೀತೀವಿ ಅಂತ. ನಾನೇನ್ ಅಂದ್ಕೊಂಡೆ ಹೇಳ್ಲಾ? ಬಾಳೆಹಣ್ಣಿನ ಸಿಪ್ಪೆ ಸುಲಿದಂಗೆ ಮೇಲಿನ ಚರ್ಮ ಸುಲಿದು ಬಿಸಾಕಿ, ಒಳಗಿನ ಮಾಂಸ ಇಡ್ತರೆ ಅಂತ. ಈ ಹಾಳು ಖಾಯಿಲೇಲಿ ಅದೊಂದಾದ್ರೂ ಒಳ್ಳೇದಾಯ್ತದಲ್ಲ ಅಂದ್ಕೊಂಡೆ ಕಣೆ. ಹೌದು, ಹಂಗೇ ಅಂದ್ಕೊಂಡೆ, ನೀನು ಏನಾದ್ರೂ ಅಂದ್ಕೊ. ಆಪರೇಷನ್ ಆಯ್ತು. ಎರಡು ಮೂರು ದಿನ ನರ್ಸುಗಳು ಬಂದು ಬಂದು ಬಾಯೊಳಗೆ ಬೆಳಕು ಬುಟ್ಟು ನೋಡೋರು, ಹೊಸ ನಾಲ್ಗೆ ಬಣ್ಣ ಸರಿ ಐತಾ, ರಕ್ತ ಹರೀತಾ ಐತಾ ಅಂತ. ನಾನು ಮಾತ್ರ ತೋಳು ನೋಡ್ತಿದ್ದೆ. ಬ್ಯಾಂಡೇಜ್ ಬಿಚ್ಚುದ್ರು. ಹಚ್ಚೆ ಇಲ್ಲ. ತೊಡೆ ಚರ್ಮದಲ್ಲಿ ತೇಪೆ ಹಾಕವ್ರೆ. ಬಾತ್‌ರೂಮಿಗೆ ಹೋಗಿ ನಲ್ಲಿ ಬುಟ್ಕೊಂಡು ಅತ್ತೆ, ಸಂತೋಷಕ್ಕೆ.

ಆಮೇಲೆ ಮನೆಗೆ ಕಳ್ಸೋವಾಗ ನರ್ಸು, ಬಾಯಿ ಹೆಂಗೆ ತೊಳೀಬೇಕು ನೋಡ್ಕಳಮ್ಮ ಅಂತ ಕರೆದ್ಲು. ಮೊಬೈಲ್ ಟಾರ್ಚ್ ಹಾಕ್ದೆ. ಬಾಯಿ ಅಗುಲ್ಸಿ ಅಂದೆ. ಎಡಗಡೆ, ಹಲ್ಲಿನ ಪಕ್ಕ... ಹಸ್ರು ಅಕ್ಷರ.

ಚರ್ಮನೇ ಇಡೋದಂತೆ. ಚರ್ಮ ಮೇಲಕ್ಕೆ ಬರೋ ಹಂಗೆ.

ನಗ್ತೀಯಾ? ನಗು, ನಗು. ಬೇರೆಯವ್ರ ಮನೇಲಾಗಿದ್ರೆ ನಾನೂ ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ. ದಿನಾ ಬೆಳಿಗ್ಗೆ ಉಪ್ಪುನೀರಲ್ಲಿ ಅದ್ದಿ, ಮೆತ್ತನೆ ಬ್ರಷ್ಷಲ್ಲಿ ನಿನ್ನೆಸ್ರು ತಿಕ್ತೀನಿ ನಾನು. ಅದ್ರ ಮೇಲೆ ತೋಳಿನ ಕೂದ್ಲು ಬೇರೆ ಬೆಳೀತದೆ, ಅದನ್ನ ಕೀಳೋಳೂ ನಾನೇ. ಆಕಳಿಸುದ್ರೆ ನೀನು. ಕೆಮ್ಮುದ್ರೆ ನೀನು. ತೋಳಲ್ಲಿದ್ದಾಗ ಅಂಗಿನಾದ್ರೂ ಮುಚ್ತಿತ್ತು.

...ಆ ತೋಳಿಂದ್ಲೇ ತೆಗೀರಿ ಅಂತ ಯಾರು ಹೇಳಿದ್ದು ಅಂತಾನಾ? ಡಾಕ್ಟ್ರು. ಇನ್ಯಾರು? ನಮ್ಮನ್ನ ಕೇಳ್ಕೊಂಡಾ ಅವ್ರು ಮಾಡೋದು.

ಅದ್ಯಾಕೆ ಬುಟ್ಟಿಗೆ ಕೈ ಹಾಕ್ದೆ? ಮಡಗು. ಬುಗುರಿ ಕಣೆ ಅದು, ಹೊಸದು. ಹಾಲೆಮರ ಒಸಿ ಹಸಿ ಇತ್ತು, ಸೊಟ್ಟಗಾಗೈತೆ. ಆಡ್ಸಬ್ಯಾಡ, ತಿರುಗಲ್ಲ ಅದು... ಹೇಳುದ್ರೆ ಕೇಳಲ್ಲ ನೀನು. ನೋಡ್ದಾ? ಎರಡು ಸುತ್ತು ಸುತ್ತಿ ಮಕಾಡೆ ಬಿತ್ತು. ಅವ್ರು ಮಾಡಿದ ಬುಗುರಿ ಯಾವತ್ತಾದ್ರೂ ಹಿಂಗೆ ಬಿದ್ದಿದ್ದು ಕಂಡಿದೀಯಾ? ಮರ ಹಸಿ ಇತ್ತು ಅಂದ್ನಲ್ಲ.

ಉಳಿ ಯಾಕೆ ನೋಡ್ತೀಯ? ಬಲಗಡೆ ಮಡಗವ್ರೆ. ಏನೀಗ?

ನೋಡ್ಬ್ಯಾಡ ಅಂದೆ.

ಹೂಂ, ಎಡಚರು. ನಿಂಗೆ ಗೊತ್ತಿಲ್ದೆ ಇರ್ತದಾ? ಒಂದೇ ಇಸ್ಕೂಲು. ಎಡಗೈಲಿ ಬರೆದ್ರೆ ಮೇಷ್ಟ್ರು ಗೆಣ್ಣಿಗೆ ಹೊಡೀತಿದ್ರಂತೆ, ನೀನು ಅವ್ರ ಸ್ಲೇಟು ಬರ್ಕೊಡ್ತಿದ್ದೆಯಂತೆ. ಉಳಿ ಹಿಡೀತಿದ್ದಿದ್ದೂ ಎಡಗೈಲೇ, ಅರಗು ಒತ್ತಿ ಬಣ್ಣ ಹಾಕ್ತಿದ್ದಿದ್ದೂ ಎಡಗೈಲೇ. ಹಚ್ಚೆ ಇದ್ದಿದ್ದೂ ಅದೇ ಕೈ ಮೇಲೆ. ನಾನೇನು ಮಾಡ್ಲಿ?

ಡಾಕ್ಟ್ರು ಕೇಳುದ್ರು ಕಣೆ. ಯಾವ ಕೈಲಿ ಕೆಲ್ಸ ಮಾಡ್ತರಮ್ಮ, ಅದನ್ನ ಬುಟ್ಟು ಇನ್ನೊಂದ್ರಿಂದ ತಗೊತೀವಿ, ತಗೊಂಡ ಕೈಗೆ ಹಿಡಿತ ಕಮ್ಮಿಯಾದ್ರೂ ಆಗ್ಬೋದು ಅಂತ. ಅವ್ರು ಬಾಯಿಗೆ ಟವಲ್ ಒತ್ಕೊಂಡು ಕುಂತಿದ್ರು, ಹುಣ್ಣು ಅಷ್ಟು ನೋಯ್ತಿತ್ತು. ಎಲ್ಲಾದ್ಕೂ ನಾನೇ ಉತ್ರ ಹೇಳ್ತಿದ್ದೆ. ನಾನು... ಬಲಗೈಲಿ ಮಾಡ್ತರೆ ಅಂದೆ.

ಬಂದ್ಬುಡ್ತು ಬಾಯಿಗೆ. ಅವ್ರು ಟವಲ್ ಮೇಲಿಂದ ನನ್ನ ನೋಡುದ್ರು. ಆಮೇಲೆ ಡಾಕ್ಟ್ರ ಕಡೆ ತಿರುಗಿ ಹೂಂ ಅಂತ ತಲೆ ಆಡ್ಸುದ್ರು. ಯಾಕೆ ಆಡ್ಸುದ್ರು? ನನ್ ಹೊಟ್ಟೆಕಿಚ್ಚು ಇವತ್ತಿಗಾದ್ರೂ ಆರ್ಲಿ ಅಂತಾನಾ? ಇಲ್ಲ, ನಿನ್ನೆಸ್ರು ಬಾಯೊಳಗೇ ಇರ್ಲಿ ಅಂತಾನಾ? ಕೇಳಕ್ಕೆ ಧೈರ್ಯ ಇಲ್ಲ ನಂಗೆ. ಈಗ ಉಳಿ ಹಿಡಿದ್ರೆ ಎಡಗೈ ನಡುಗ್ತದೆ. ಹೆಬ್ಬೆಟ್ಟಿನ ಬುಡ ಮರಗಟ್ಟೈತೆ. ಈ ವಯಸ್ಸಲ್ಲಿ ಬಲಗೈಲಿ ಕಲೀತಾ ಅವ್ರೆ, ಹಿಂಗೆ ಸೊಟ್ಟಸೊಟ್ಟಗೆ. ಸುಸ್ತು, ಅದ್ಕೇ ಮಿಷನ್ ನಿಲ್ಸವ್ರೆ ಅಂತ ಬೀದಿಗೆಲ್ಲ ಹೇಳ್ಕೊಂಡು ತಿರುಗ್ತಿದೀನಿ ನಾನು.

ಬಯ್ಯಿ. ಅವ್ರ ಕೈ ತೆಗೆದುಬುಟ್ಯಲ್ಲೇ ಅಂತ ಉಗಿ ಮುಖಕ್ಕೆ. ನಿನ್ ಜಾಗದಲ್ಲಿ ನಾನಿದ್ದಿದ್ರೆ ಇಷ್ಟೊತ್ಗೆ ಜುಟ್ಟು ಹಿಡ್ಕೊತಿದ್ದೆ. ಕಣ್ಣಲ್ಲಿ ನೀರು ಹಾಕ್ಕೊತೀಯೇ ಹೊರತು... ಗಾಬ್ರಿನಾದ್ರೂ ಆಗ್ಬೇಕಲ್ಲ ನೀನು. ಯಾಕೆ ಆಗ್ಲಿಲ್ಲ?

ತಡಿ.

ನಿಂಗೆ ಗೊತ್ತಿತ್ತು.

ಉಳಿ ನೋಡಿದ್ದು ತಿಳ್ಕೊಳಕ್ಕಲ್ಲ. ನಾನೇ ಬಾಯಿ ಬುಡ್ಲಿ ಅಂತ. ಅವ್ರು ಇಲ್ಲದ ಹೊತ್ತು ನೋಡ್ಕೊಂಡೇ ಬಂದಿದೀಯ. ಆ ರೂಮಲ್ಲಿ ಇದ್ದಿದ್ದು ಡಾಕ್ಟ್ರು, ನಾನು, ಅವ್ರು. ಡಾಕ್ಟ್ರಿಗೆ ಸುಳ್ಳು ಅಂತ ಗೊತ್ತಿಲ್ಲ. ನಾನು ಈವತ್ತಿನ ಗಂಟ ದೇವ್ರ ಮುಂದೂ ಹೇಳಿಲ್ಲ. ಹಂಗಾದ್ರೆ...

ಮಾತಾಡ್ತರಾ? ನಿನ್ ಕೂಡೆ?

ಸ್ಟೇಷನ್ನಿಗೆ ನಡಿಯಕ್ಕಲ್ಲ ಹೋಗೋದು. ಹೇಳು. ತಲೆನಾದ್ರೂ ಆಡ್ಸು. ಸುಮ್ಕಿರಬ್ಯಾಡ ಕಣೆ, ಸುಮ್ಕಿರೋರನ್ನ ಈ ಮನೇಲಿ ಸಾಕಷ್ಟು ನೋಡಿದೀನಿ. 'ರೇವಾ' ಅಂದ್ರು ಅಂದ್ನಲ್ಲ, ಸುಳ್ಳು. ಆಸ್ಪತ್ರೆಯಿಂದ ಬಂದ್ಮೇಲೆ ಇಲ್ಲಿ ಒಂದು ಸೊಲ್ಲು ಎತ್ತಿಲ್ಲ. ಲೋಟ ತೋರ್ಸಿದ್ರೆ ನೀರು, ಬಾಗ್ಲು ತೋರ್ಸಿದ್ರೆ ಹೋಗ್ಬತ್ತೀನಿ ಅಂತ. ಮೇಘನಾ ಫೋನ್ ಮಾಡಿ ಕೇಳುದ್ರೆ, ಮಾತಾಡ್ತವ್ರೆ ಕಣಮ್ಮ ಅಂತೀನಿ. ರಾತ್ರಿಯೆಲ್ಲ ಯೋಚ್ನೆ ಮಾಡ್ತೀನಿ, ನಾಲ್ಗೆ ಗಟ್ಟಿಯಾಗೋಯ್ತು, ಕೈ ಹೋದಂಗೆ ಮಾತೂ ಹೋಯ್ತು, ಎಲ್ಲಾ ನನ್ನಿಂದ ಆಯ್ತು ಅಂತ. ಅಲ್ಲಿ ನೋಡುದ್ರೆ...

ಅದೇನು ಸದ್ದು? ನಿನ್ ಬ್ಯಾಗಲ್ಲಿ. ಫೋನಲ್ವಾ? ಯಾಕೆ ಕೈಯಿಟ್ಟು ಮುಚ್ತೀಯ? ನಂಗೊತ್ತು. ಈ ಹೊತ್ತಿಗೆ ಅವ್ರು ಆ ಬೇವಿನ ಮರದ ಬೆಂಚಿಗೆ ಬಂದಿರ್ತರೆ.

ಕಿತ್ಕೊಳಲ್ಲ, ಬಾ. ಕೂಗಾಡಲ್ಲ. ನಾನು ಇಲ್ಲಿದೀನಿ ಅಂತ ಮಾತ್ರ ಹೇಳ್ಬ್ಯಾಡ, ಹೇಳುದ್ರೆ ನಿಲ್ಲುಸ್ಬುಡ್ತರೆ. ಸ್ಪೀಕರ್ ಹಾಕಿ ಇಲ್ಲಿ ಮಡಗು, ಮಣೆ ಮೇಲೆ. ನಿನ್ ಹೆಂಡ್ತಿ ಹೆಂಗವಳೆ ಅಂತ ಕೇಳು. ಅಷ್ಟು ಕೇಳು ಸಾಕು. ಬಯ್ಯಕ್ಕಾದ್ರೂ ನನ್ನೆಸ್ರು ಹೇಳ್ಲೇಬೇಕಲ್ಲ ಅವ್ರು... ಹೆಂಗೆ ಬತ್ತದೋ ಹಂಗೆ. ಅರ್ಧ ಬಂದ್ರೂ ಆಯ್ತು. ಅದನ್ನ ಕೇಳುಸ್ಕೊಂಡು ಒಳಕ್ಕೆ ಹೋಗಿ ಮುದ್ದೆಗೆ ಎಸರಿಡ್ತೀನಿ.

ನಿಂತೋಯ್ತದೆ, ಎತ್ತು... ನಾನು ಉಸ್ರೂ ಬುಡಲ್ಲ. ನಿನ್ನೆಸ್ರು ಹಿಡಿದೇ ಕೇಳ್ಕೊತೀನಿ, ಎತ್ತು ಪುಟ್ಟಿ.