ಹಾಲು ಬೇಡವೆಂದರೆ ಮೊಸರೂ ಬೇಡ

ನಮ್ಮ ದೆಹಲಿ ಕನ್ನಡ ಬಳಗದ ಅಧ್ಯಕ್ಷರಾದ ಚಂದ್ರಮೋಹನ ಅವರೇ, ಮುಂದಿನ ಸಾಲಿನಲ್ಲಿ ಮೊಮ್ಮಗಳು ಅಮೂಲ್ಯಳನ್ನು ಮಡಿಲಲ್ಲಿ ಕೂರಿಸಿಕೊಂಡಿರುವ ಅವರ ಶ್ರೀಮತಿ ಲೀಲಾವತಿ ಆಂಟಿ, ಕಾಮನ್‌ವೆಲ್ತ್ ಗೇಮ್ಸಿಗೆಂದು ಅಗೆದ ರಸ್ತೆಗಳನ್ನು ದಾಟಿ ಈ ಚಳಿಯಲ್ಲೂ ಬಂದಿರುವ ಸಭಿಕರೇ,

ಶಾಲು ಹೊದಿಸಿದ್ದೀರಿ, ಸಂತೋಷ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಮೈಕು ಕೊಟ್ಟಿದ್ದೀರಿ, ಅದು ನಿಮ್ಮ ಧೈರ್ಯ. ಬೆಂಚಿನ ಮೇಲೆ ಸುಮ್ಮನೆ ಕೂರಲಾರದೆ ಬಿಟ್ಟೆ; ಬೇರೆ ಕಾರಣ ಹೇಳಿದರೆ ಸುಳ್ಳಾಗುತ್ತದೆ. ಮುನಿರ್ಕಾದ ನಮ್ಮ ಹೋಟೆಲಿನಲ್ಲಿ ಮೊಸರಿಗೆ ಹೆಪ್ಪು ಹಾಕುವವಳು ನಾನೇ. ಹೆಪ್ಪು ಕೇಳಿ ಬಂದ ಯಾರಿಗೂ ನಮ್ಮ ಮನೆಯಲ್ಲಿ ಇಲ್ಲ ಎಂದದ್ದಿಲ್ಲ.

ನಿರೂಪಕರು ಈಗ ತಾನೆ ಏನೆಂದರು? "ಮೊಸರು ತಿನ್ನಿಸಿ ಅಕ್ಕನ ಮಗುವಿನ ಅಲರ್ಜಿ ಗುಣಪಡಿಸಿದ ಪ್ರಜ್ಞಾ" ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಆದರೆ ಕಥೆ ತಿರುವುಮುರುವಾಗಿದೆ.

ಅಕ್ಕನ ಮಗ ಜೀವನ್‌ಗೆ ಹಾಲು ಕುಡಿಸಿದರೆ ಮೈತುಂಬ ದದ್ದು, ವಾಂತಿ. ಡಾಕ್ಟರು ಹಾಲು ನಿಲ್ಲಿಸಿ ಎಂದರು. ನಮ್ಮಮ್ಮ ಪುಷ್ಪಾವತಿ ಬಿಡುತ್ತಾರೆಯೇ? "ಹಾಲು ಬೇಡ ಅಂದಿದ್ದಾರೆ, ಮೊಸರು ಬೇಡ ಅಂದಿಲ್ಲವಲ್ಲ!" ಎಂದು ಒಂದು ಚಮಚ ಕೊಟ್ಟರು. ಮಗುವಿನ ತುಟಿ ಊದಿತು, ಉಸಿರು ಗೊರಗೊರ ಎಂದಿತು. ಆಟೋದವನಿಗೆ ಅಮ್ಮ "ಭಯ್ಯಾ, ಜಲ್ದಿ ಚಲೋ" ಎಂದು ಆಸ್ಪತ್ರೆ ತಲುಪುವವರೆಗೂ ಕೂಗುತ್ತಲೇ ಇದ್ದರು. ನಾನು ಹೆಪ್ಪು ಹಾಕಿದ್ದ ಮೊಸರು ಅದು.

ಮಗು ಉಳಿಯಿತು. ನಾನು ಡಾಕ್ಟರನ್ನು ಬಿಡಲಿಲ್ಲ. "ಮೊಸರಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವಂತೆ, ಕರುಳಿಗೆ ಒಳ್ಳೆಯದಂತೆ, ಟೀವಿಯಲ್ಲಿ ಪ್ರೊಬಯಾಟಿಕ್ ಅಂತ ಬರುತ್ತಲ್ಲ?" ಎಂದೆ. ಅವರು ನಕ್ಕರು. "ಬೇಟಾ, ಬ್ಯಾಕ್ಟೀರಿಯಾ ಒಳ್ಳೆಯವೇ. ಆದರೆ ಅವು ಹತ್ತಿ ಬರುವ ಗಾಡಿ ಹಾಲಿನದು. ಈ ಮಗುವಿಗೆ ಆ ಗಾಡಿಯೇ ಆಗೋದಿಲ್ಲ." ಹಾಗಾದರೆ ಬರೀ ಬ್ಯಾಕ್ಟೀರಿಯಾ ಕೊಟ್ಟರೆ? "ಅದರ ಪರೀಕ್ಷೆ ಇನ್ನೂ ನಡೀತಿದೆ. ನನಗೆ ಗೊತ್ತಿಲ್ಲ" ಎಂದರು. ಅಷ್ಟು ಓದಿದವರು ಗೊತ್ತಿಲ್ಲ ಎಂದದ್ದು ನನಗೆ ಹಿಡಿಸಿತು.

ಮಗು ಬೆಳೆಯುತ್ತ ಅಲರ್ಜಿ ತಾನಾಗಿಯೇ ಹೋಯಿತು. ಆಸ್ಪತ್ರೆಯಲ್ಲೇ ಪರೀಕ್ಷಿಸಿ, ಇನ್ನು ಕೊಡಬಹುದು ಎಂದರು. ಮೊದಲು ಗುಣವಾಯಿತು, ಆಮೇಲೆ ಮೊಸರು ತಿಂದ. ಊರೆಲ್ಲ ಹೇಳುತ್ತಿರುವುದು ಉಲ್ಟಾ.

ಸನ್ಮಾನದ ಹೊತ್ತಿನಲ್ಲಿ ಇದೆಲ್ಲ ಏಕೆ? ಸಭೆಗೆ ಮುಂಚೆ ಲೀಲಾವತಿ ಆಂಟಿ ನನ್ನನ್ನು ಕರೆದು, "ನಮ್ಮ ಅಮೂಲ್ಯಂಗೂ ಹಾಲು ಕುಡಿಸಿದರೆ ದದ್ದು ಏಳುತ್ತೆ ಕಣೇ. ಇವತ್ತು ಸ್ಟೇಜ್ ಮೇಲೇ ನಿನ್ನ ಮೊಸರು ತಿನ್ನಿಸ್ತೀನಿ" ಎಂದರು. ಬೇಡ ಎಂದೆ. "ಅಚ್ಛಾ ಡಾಕ್ಟರಮ್ಮ, ಮೊದಲು ಭಾಷಣ ಮಾಡು ಹೋಗು" ಎಂದು ಕೆನ್ನೆ ಚಿವುಟಿದರು.

ಆಂಟಿ, ಭಾಷಣ ಮಾಡಿದೆ. ಮೊಸರೂ ಹಾಲೇ. ಮಗುವಿಗೆ ತಿನ್ನಿಸಲೆಂದು ತಂದ ಆ ಬೆಳ್ಳಿ ಬಟ್ಟಲನ್ನು ಚೀಲದಲ್ಲಿಡಿ. ನಾಳೆ ಮಗುವನ್ನು ಡಾಕ್ಟರಿಗೆ ತೋರಿಸೋಣ, ನಾನೂ ಬರುತ್ತೇನೆ. ನಾನು ತಂದ ಮೊಸರನ್ನಂತೂ ಆಗಲೇ ಅಡುಗೆಯವರ ಅನ್ನಕ್ಕೆ ಸುರಿದು, ಶುಂಠಿ, ಹಸಿಮೆಣಸು ಹಾಕಿ ಕಲಸಿಬಿಟ್ಟಿದ್ದೇನೆ. ಹೆಪ್ಪಿಗೆಂದು ಡಬ್ಬಿ ತಂದವರು ಕ್ಷಮಿಸಿ, ಇದೇ ಮೊದಲ ಸಲ ಇಲ್ಲ ಎನ್ನುತ್ತಿದ್ದೇನೆ.

ಶಾಲು ಮಾತ್ರ ವಾಪಸ್ ಕೊಡುವುದಿಲ್ಲ, ಚಳಿ ಇದೆ. ಇಷ್ಟು ಹೊತ್ತು ಕೇಳಿದ್ದಕ್ಕೆ ಧನ್ಯವಾದ. ಹಲ್ಲು ಬಂದವರೆಲ್ಲ ಮೊಸರನ್ನಕ್ಕೆ ಬನ್ನಿ. ನಮಸ್ಕಾರ.