ಟೀಚರಮ್ಮನ ರಿಮೋಟು

ಅಂಗಡಿ ಮುಚ್ಚಿ ಅಕ್ಕತಂಗಿಯರು ಮನೆಗೆ ಬಾವಿಯ ದಾರಿ ಹಿಡಿದಾಗ ರಾತ್ರಿ ಹನ್ನೊಂದು ದಾಟಿತ್ತು. ಅಕ್ಕ ದರ್ಜಿ, ನಮ್ಮ ಚಿಕ್ಕಮ್ಮನ ಮಗಳು. ಅವಳ ಬಾಯಿಂದಲೇ ಕೇಳಿದ್ದು ಇದು.

ಮೆಟ್ಟಿಲಿಂದ ಬಿದ್ದು ಅವಳ ಸೊಂಟ ಮುರುಕು ಕುರ್ಚಿಯಂತಾಗಿತ್ತು. ಡಾಕ್ಟರು ಚರ್ಮದಡಿ ಬೆಂಕಿಪೊಟ್ಟಣದಷ್ಟು ಯಂತ್ರ ಹೂತು, ಅದರ ತಂತಿಯನ್ನು ಬೆನ್ನುಹುರಿಯ ಪಕ್ಕಕ್ಕೆ ಕೂರಿಸಿದ್ದರು. ರಿಮೋಟ್ ಒತ್ತಿದರೆ ಒಳಗೆ ಜುಂ... ನೋವು ಮಾಯ. ಮತ್ತೆ ಹೊಲಿಗೆ ಮೆಷಿನ್ನಿಗೆ ಕೂತಳು.

ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿದ್ದ ನಮ್ಮೂರ ಟೀಚರಮ್ಮನಿಗೂ ಅದೇ ದಿನ, ಅದೇ ಯಂತ್ರ. ಯಾರ ಎಡವಟ್ಟೋ, ಟೀಚರಮ್ಮನ ರಿಮೋಟು ಇವಳ ಯಂತ್ರಕ್ಕೂ ಹತ್ತುತ್ತಿತ್ತು. "ನೋಡೇ, ಹೇಗೆ ಕುಣಿಸ್ತೀನಿ!" ಟಕ್, ಟಕ್, ಟಕ್... ಮೂರು ಸಲ ಒತ್ತಿದರೆ ಇವಳ ಬಲಗಾಲು ಚಂಗನೆ ಜಿಗಿಯುತ್ತಿತ್ತು. ಹೊಲಿಗೆ ಬಿಚ್ಚೀತು ಅನ್ನುವಷ್ಟು ನಕ್ಕರು. ಯಾರಿಗೂ ಹೇಳಲಿಲ್ಲ. ಹೇಳಿದರೆ ಯಂತ್ರ ತೆಗೆದಾರು. ನೋವು ವಾಪಸ್, ಕಸುಬಿಗೆ ಬೀಗ.

ತಿಂಗಳೊಳಗೆ ಟೀಚರಮ್ಮ ಇದೇ ಬಾವಿಗೆ ಬಿದ್ದು ಸತ್ತರು. ಜಾರಿದರೋ, ಕಾಲು ತಾನಾಗಿ ಎಳೆಯಿತೋ... ನೋಡಿದವರಿಲ್ಲ. ಯಾವಾಗಲೂ ಕೈಯಲ್ಲಿರುತ್ತಿದ್ದ ರಿಮೋಟೂ ಸಿಗಲಿಲ್ಲ.

ಬಾವಿ ಹತ್ತಿರವಾಯಿತು. ರಾಟೆ ಕಿರ್ರ್... ಅಂದಿತು. ಗಾಳಿ ಇರಲಿಲ್ಲ.

ಜುಂ.

ಅಕ್ಕ ನಿಂತಳು.

"ಏನಕ್ಕಾ?" ತಂಗಿ ಪಿಸುಗುಟ್ಟಿದಳು.

"ನನ್ನ ರಿಮೋಟ್ ಒತ್ತಿದ್ಯಾ?"

"ಅದನ್ನ ಅಂಗಡಿ ಡ್ರಾಯರಲ್ಲೇ ಬಿಟ್ಟು ಬಂದ್ಯಲ್ಲ..."

ಜುಂ. ಜುಂ. ಬಲಗಾಲು ಜಿಗಿದು ಬಾವಿಯ ಕಡೆ ಒಂದು ಹೆಜ್ಜೆ ಇಟ್ಟಿತು. ತುಸು ಬಿಟ್ಟು ಮತ್ತೆ ಮೂರು... ಮತ್ತೊಂದು ಹೆಜ್ಜೆ.

"ಟೀಚರಮ್ಮಾ, ಸಾಕು ಬಿಡಿ." ಅಕ್ಕ ಬಾವಿಯ ಕಡೆ ಕೂಗಿದಳು. "ನಗು ಬರ್ತಿಲ್ಲ."

ಮೊಣಕಾಲು ಬಾವಿಕಟ್ಟೆಗೆ ಬಡಿಯಿತು. ಧಡ್. ತಂಗಿ ಅಕ್ಕನ ಜಡೆಗೇ ಕೈಹಾಕಿ ಹಿಂದಕ್ಕೆಳೆದಳು. ಇಬ್ಬರೂ ಮಣ್ಣಿಗೆ ಬಿದ್ದರು.

ಬೆಳಗಾಗುತ್ತಲೇ ಆಸ್ಪತ್ರೆಗೆ ಹೋಗಿ ಯಂತ್ರ ತೆಗೆಸಿಕೊಂಡಳು. "ತಂತಿ ಜರುಗಿದೆ, ಒಂದೊಂದ್ಸಲ ಹಾಗಾಗುತ್ತೆ," ಅಂದರು ಡಾಕ್ಟರು. ಜರುಗಿದ ತಂತಿಗೆ ಮೂರರ ಲೆಕ್ಕ ಬರುತ್ತಾ ಅಂತ ಇವಳು ಕೇಳಿದ್ದಕ್ಕೆ ನಿದ್ದೆ ಮಾತ್ರೆ ಬರೆದುಕೊಟ್ಟರು. ಈಗ ಅರ್ಧ ಗಂಟೆ ಹೊಲಿದರೆ ಅರ್ಧ ಗಂಟೆ ಮಲಗಬೇಕು. "ಇರಲಿ, ಈ ನೋವಾದ್ರೂ ನಂದೇ ಅಲ್ವಾ," ಅನ್ನುತ್ತಾಳೆ.

ಬೇಸಿಗೆಯಲ್ಲಿ ಬಾವಿಯ ಹೂಳೆತ್ತಿದಾಗ ಟೀಚರಮ್ಮನ ರಿಮೋಟು ಸಿಕ್ಕಿತು. ಅವರ ಮಗಳು ಕೆಸರು ಒರೆಸಿ ಹಿಂದಿನ ಮುಚ್ಚಳ ತೆಗೆದಳು. ನಂಬದವರು ದರ್ಜಿಯ ಬೆನ್ನಿನ ಹೊಲಿಗೆ ಎಣಿಸಿ ಬನ್ನಿ, ನಾನು ಸುಳ್ಳು ಹೇಳುತ್ತಿಲ್ಲ... ಒಳಗೆ ಸೆಲ್ಲೇ ಇರಲಿಲ್ಲ. ಬಾವಿಗೆ ಬಿದ್ದ ದಿನ ಅವರು ಎರಡೂ ಸೆಲ್ಲು ತೆಗೆದು ಚಾರ್ಜಿಗೆ ಹಾಕಿದ್ದರು. ಅವರ ಅಡುಗೆಮನೆಯ ಪ್ಲಗ್ಗಿನಲ್ಲಿ ಈಗಲೂ ಹಾಗೇ ಇವೆ.